ಮೂರು ಬುತ್ತಿ ದಾರಿ

"ಅಲ್ಲಿಗೆ ಎಷ್ಟು ದೂರ ಐತೆ?" ಎಂದು ಅವ್ವ ಕೇಳಿದ್ದು ಒಂದೇ ಸಲ. ನಾನು ಕೊಟ್ಟ ಉತ್ತರಗಳು ನಾಲ್ಕೈದು. ಒಂದೂ ಅವಳಿಗೆ ಹಿಡಿಸಲಿಲ್ಲ. 2023ರ ಬೇಸಿಗೆ, ಯುಗಾದಿ ಮುಗಿದು ಮೂರ್ನಾಲ್ಕು ವಾರ ಆಗಿತ್ತು. ತಂಗಿಗೆ ದಿನ ತುಂಬುತ್ತಾ ಬಂದಿತ್ತು. ಅವಳಿರುವುದು ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರಿನಲ್ಲಿ ಒಂದು ತಾಸಿನ ಊರಿನಲ್ಲಿ. ಬಾಣಂತನಕ್ಕೆ ಅವ್ವ ಹೋಗಬೇಕು, ಅದೂ ಒಬ್ಬಳೇ. "ಹದಿನಾಲ್ಕು ಸಾವಿರ ಕಿಲೋಮೀಟರ್ ಅವ್ವ" ಅಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಅಷ್ಟು ದೊಡ್ಡ ಸಂಖ್ಯೆ ಕೇಳಿದಾಗ ದೂರ ಗೊತ್ತಾಗುವುದಿಲ್ಲ, ಭಯ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಬೇಗ ಸೇರಿಸಿದೆ: "ಬೆಂಗಳೂರಿಂದ ನೇರ ವಿಮಾನ. ಬರೀ ಹದಿನಾರು ತಾಸು." ಅವಳು ಜೋಳದ ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ, "ತಾಸಿನ ಲೆಕ್ಕ ಬ್ಯಾಡ. ಎಷ್ಟು ಬುತ್ತಿ ಕಟ್ಟಬೇಕು, ಅದನ್ನ ಹೇಳು" ಅಂದಳು.

ಆಗ ಅದನ್ನು ಅಡುಗೆಮನೆಯ ಮಾತು ಅಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ದೂರವನ್ನು ಅಳೆಯುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಅತ್ಯಂತ ನಿಖರವಾದ ಪ್ರಶ್ನೆ ಕೇಳಿದವಳು ಅವಳೇ. ಯಾಕೆ ಹಾಗನ್ನುತ್ತೇನೆ ಅಂತ ಹೇಳಲು ಇಷ್ಟೆಲ್ಲ ಬರೆಯುತ್ತಿದ್ದೇನೆ.

ದಾವಣಗೆರೆಯವರು ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ಕಡಿಮೆ. ಬೆಂಗಳೂರು ನಮಗೆ 265 ಕಿಲೋಮೀಟರ್ ಅಲ್ಲ, ನಾಲ್ಕೂವರೆ ತಾಸು. ಹರಿಹರ ಇಪ್ಪತ್ತು ನಿಮಿಷ, ದುರ್ಗ ಒಂದು ತಾಸು. ನಮ್ಮೂರ ನಡುವೆ ಹಾದುಹೋಗುವ ಮುಖ್ಯ ರಸ್ತೆಯ ಹೆಸರೇ ಪಿ.ಬಿ. ರೋಡ್, ಪೂನಾ-ಬೆಂಗಳೂರು ರಸ್ತೆ. ಎರಡು ದೂರದ ಊರುಗಳ ಹೆಸರಿನ ಮೊದಲಕ್ಷರ ಹೊತ್ತ ರಸ್ತೆಯಲ್ಲಿ ನಾವು ತರಕಾರಿ ತರುತ್ತೇವೆ, ದೋಸೆ ತಿನ್ನುತ್ತೇವೆ, ಶಾಲೆಗೆ ಹೋಗುತ್ತೇವೆ. ಚಿಕ್ಕವನಿದ್ದಾಗ ಅದು ಯಾರೋ ದೊಡ್ಡ ಮನುಷ್ಯರ ಹೆಸರಿನ ಚುಟುಕು ಅಂತಲೇ ತಿಳಿದಿದ್ದೆ. ಹೆದ್ದಾರಿ ಊರ ಹೊರಗೆ ಹೋಗಿ, ನಾಲ್ಕನೇ ನಂಬರಿನಿಂದ ನಲವತ್ತೆಂಟು ಆಗಿ ಎಷ್ಟೋ ಕಾಲವಾಯಿತು. ಹಳೇ ಪಿ.ಬಿ. ರೋಡ್ ಮಾತ್ರ ಹೆಸರು ಬಿಟ್ಟುಕೊಟ್ಟಿಲ್ಲ.

ಅವ್ವನ ತವರು ಜಗಳೂರು ಕಡೆಯ ಹಳ್ಳಿ. ಅವಳ ಕಾಲಕ್ಕೂ ಹಿರಿಯರ ಬಾಯಲ್ಲಿ ಹರದಾರಿ ಇತ್ತು, ಅಂದರೆ ಹೆಚ್ಚುಕಡಿಮೆ ಮೂರು ಮೈಲಿ. ಹತ್ತಿರದ್ದಾದರೆ ಕೂಗಳತೆ. ಆದರೆ ಅವಳ ಅಜ್ಜಿಗೆ ಬುತ್ತಿಯೇ ಅಳತೆಗೋಲು. ಕೊಟ್ಟೂರು ತೇರಿಗೆ ನಡೆದು ಹೋಗುವಾಗ ಅಜ್ಜಿ ಹಿಂದಿನ ರಾತ್ರಿಯೇ ಲೆಕ್ಕ ಹಾಕುತ್ತಿದ್ದಳಂತೆ. ಮೊದಲ ಹೊತ್ತಿಗೆ ಮೊಸರನ್ನ, ಅದು ಬಿಸಿಲೇರುವ ಮೊದಲು ಮುಗಿಯಬೇಕು. ಎರಡನೇ ಹೊತ್ತಿಗೆ ಚಪಾತಿ, ಹುರಿದ ಪಲ್ಯ. ಅದಕ್ಕೂ ಮುಂದೆ ದಾರಿ ಉಳಿದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿಗೆ ದಿನದ ಲೆಕ್ಕವೇ ಇಲ್ಲ, ಒಣಗಿದಷ್ಟೂ ಗಟ್ಟಿ. ಇಷ್ಟೆಲ್ಲ ಆದ ಮೇಲೆ ಒಂದು ಹೊತ್ತಿನದನ್ನು ಹೆಚ್ಚಿಗೆ ಕಟ್ಟುವುದು. ದಾರಿಯಲ್ಲಿ ಮಳೆ ಬರಬಹುದು, ಯಾರಿಗೋ ಕಾಲು ಉಳುಕಬಹುದು, ಬುತ್ತಿ ಇಲ್ಲದವರು ಜೊತೆಗೆ ಸೇರಬಹುದು. ಕೊಟ್ಟೂರು ಎಷ್ಟು ಕಿಲೋಮೀಟರ್ ಅಂತ ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟು ಬುತ್ತಿ ಅಂತ ಗೊತ್ತು.

ಒಂದು ಗೇಣು ದಾರ

ಅವಳಿಗೆ ದೂರವನ್ನು ಕಣ್ಣಿಗೆ ಕಾಣಿಸಬೇಕು ಅನ್ನಿಸಿ, ಒಂದು ಸಂಜೆ ಮಗಳ ಗ್ಲೋಬನ್ನು ಊಟದ ಮೇಜಿನ ಮೇಲಿಟ್ಟೆ. ಎಂಟು ಇಂಚಿನ, ಶಾಲೆ ಮಕ್ಕಳ ಗ್ಲೋಬು. ಅವ್ವ ಅಲ್ಲೇ ಕೂತು ದುಂಡುಮಲ್ಲಿಗೆ ಕಟ್ಟುತ್ತಿದ್ದಳು. ಅವಳ ಕೈಯಿಂದ ಒಂದು ಎಳೆ ದಾರ ಕತ್ತರಿಸಿಕೊಂಡು ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೂ ಹಿಡಿದೆ. ಗೋಡೆಯ ನಕಾಶೆ ನೋಡಿ ಅಭ್ಯಾಸವಾದವನು ನಾನು. ಪೂರ್ವಕ್ಕೆ ಹೊರಟು ಚೀನಾ, ಜಪಾನ್, ಆಮೇಲೆ ಆ ದೊಡ್ಡ ನೀಲಿ ಸಮುದ್ರ, ಹಾಗೆ ಹೋಗುತ್ತದೆ ಅಂದುಕೊಂಡು ದಾರವನ್ನು ಆ ದಾರಿಯಲ್ಲೇ ಇಟ್ಟೆ. ಬಿಗಿಯಾಗಿ ಎಳೆದದ್ದೇ ತಡ, ದಾರ ತಾನಾಗಿ ಜಾರಿತು. ಸಮುದ್ರ ಬಿಟ್ಟು ಮೇಲೇರಿತು. ಚೀನಾ ದಾಟಿ, ಸೈಬೀರಿಯಾ ದಾಟಿ, ಗ್ಲೋಬಿನ ನೆತ್ತಿಯ ಹತ್ತಿರದ ಬಿಳಿ ಭಾಗವನ್ನು ಸವರಿ, ಅಲಾಸ್ಕಾ ಮೇಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ ಸೇರಿತು.

ಮಗಳು ಬೆರಳಿಟ್ಟು ಮತ್ತೆ ಕೆಳಕ್ಕೆ ತಳ್ಳಿದಳು. ಬಿಟ್ಟ ಕೂಡಲೇ ಮತ್ತೆ ಮೇಲಕ್ಕೆ. ದುಂಡಗಿನ ವಸ್ತುವಿನ ಮೇಲೆ ಎರಡು ಚುಕ್ಕಿಗಳ ನಡುವಿನ ಅತಿ ಹತ್ತಿರದ ದಾರಿ ಅದು, ದಾರ ಬಿಗಿದರೆ ಬೇರೆ ಕಡೆ ನಿಲ್ಲಲಾರದು. ಬೆಂಗಳೂರು ಇರುವುದು ಹದಿಮೂರು ಡಿಗ್ರಿ ಉತ್ತರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಇರುವುದು ಮೂವತ್ತೆಂಟರ ಹತ್ತಿರ. ಎರಡರ ನಡುವಿನ ನೇರ ದಾರಿ ಮಾತ್ರ ಎಪ್ಪತ್ತೊಂದನೇ ಡಿಗ್ರಿಯವರೆಗೂ ಏರುತ್ತದೆ. ಚಪ್ಪಟೆ ನಕಾಶೆಯಲ್ಲಿ ಇದು ಕಾಣುವುದೇ ಇಲ್ಲ. ದುಂಡಗಿನ ಭೂಮಿಯನ್ನು ಹರಡಿ ಚಪ್ಪಟೆ ಮಾಡಿದಾಗ ಉತ್ತರದ ಭಾಗ ಎಳೆದಂತಾಗಿ, ಹತ್ತಿರದ ದಾರಿ ಸುತ್ತುದಾರಿಯಂತೆ ಬಾಗಿ ಕಾಣುತ್ತದೆ.

ಅವ್ವ ಹೂವು ಬದಿಗಿಟ್ಟು, ದಾರವನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಕಿರುಬೆರಳಿಗೆ ಹಿಡಿದು ನೋಡಿದಳು. ಸರಿಯಾಗಿ ಒಂದು ಗೇಣು. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,993 ಕಿಲೋಮೀಟರ್. ಆ ಗ್ಲೋಬಿನ ಮೇಲೆ ಅವ್ವನ ಒಂದು ಗೇಣು. "ಹಂಗಾರೆ ದಾವಣಗೆರೆಯಿಂದ ಬೆಂಗಳೂರು?" ಅಂತ ಕೇಳಿದಳು. ಲೆಕ್ಕ ಹಾಕಿದೆ, ನಾಲ್ಕು ಮಿಲಿಮೀಟರೂ ತುಂಬಲಿಲ್ಲ. ಎರಡು ಸಾಸಿವೆ ಕಾಳು ಜೋಡಿಸಿಟ್ಟಷ್ಟು. ಅವಳು ಬಹಳ ಹೊತ್ತು ಗ್ಲೋಬಿನ ಮೇಲಿಂದ ಕೈ ತೆಗೆಯಲಿಲ್ಲ. ಬೆಂಗಳೂರಿಗೆ ಹೋಗುವುದನ್ನೇ ದೂರದ ಪಯಣ ಅಂದುಕೊಂಡು ಬದುಕಿದವಳಿಗೆ ಮಗಳು ಎಷ್ಟು ದೂರ ಹೋಗಿದ್ದಾಳೆ ಅನ್ನುವುದು ಅವತ್ತು ಕೈಗೆ ಸಿಕ್ಕಿತು.

ಆದರೆ ದಾರದ ದಾರಿಯಲ್ಲೇ ವಿಮಾನ ಹೋಗುವುದಿಲ್ಲ. ಈ ಮಾತು ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ. ನಮಗೂ ತುಮಕೂರಿಗೂ ನಡುವೆ ನೇರ ರೈಲು ಹಳಿ ಇಲ್ಲದೆ, ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಅಂತ ಸುತ್ತಿಕೊಂಡು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಿ ಬೆಂಗಳೂರು ಮುಟ್ಟಿದವರು ನಾವು. ಚಿತ್ರದುರ್ಗ, ಹಿರಿಯೂರು, ಸಿರಾ ಮೇಲಿನ ನೇರ ಮಾರ್ಗ ಮುಗಿಯುವುದನ್ನು ಒಂದು ತಲೆಮಾರೇ ಕಾದು ಕೂತಿದೆ. ಆಕಾಶದಲ್ಲೂ ಅಂಥ ಅರಸೀಕೆರೆಗಳಿವೆ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನಗಳು ಹೆಚ್ಚು ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಕೂಡಲೇ ಹತ್ತು ಸಾವಿರ ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ದೇಶಗಳ ಜಗಳ ಇನ್ನೊಂದು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿತು, ನಮ್ಮವಕ್ಕೆ ತೆರೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರ ದಾರಿ ಒಂದೇ ದಿನದಲ್ಲಿ ಉದ್ದವಾಯಿತು. ಊರುಗಳು ಇದ್ದಲ್ಲೇ ಇವೆ, ನಡುವಿನ ದಾರಿ ಮಾತ್ರ ಬೆಳೆಯುತ್ತದೆ, ಕುಗ್ಗುತ್ತದೆ.

ದುರ್ಗದ ಗುಡ್ಡದ ಕೆಂಪು ದೀಪಗಳು

ಮಧ್ಯಾಹ್ನದ ವಿಮಾನಕ್ಕೆ ನಾವು ಮನೆ ಬಿಟ್ಟಿದ್ದು ನಸುಕಿನ ನಾಲ್ಕಕ್ಕೆ. ಅವ್ವ ಹೊಸ್ತಿಲಿಗೆ ಕೈಮುಗಿದು, ಬಲಗಾಲು ಹೊರಗಿಟ್ಟು, ಕಾರಿನಲ್ಲಿ ಕೂತವಳು ಮಾತೇ ಆಡಲಿಲ್ಲ. ತೊಡೆಯ ಮೇಲೆ ಬುತ್ತಿಯ ಚೀಲ. ಡಿಕ್ಕಿಯಲ್ಲಿ ತೂಗಿ ತೂಗಿ ಕಟ್ಟಿದ ಎರಡು ಪೆಟ್ಟಿಗೆ, ತಲಾ ಇಪ್ಪತ್ಮೂರು ಕಿಲೋ. ಅದರಲ್ಲಿ ಅವಳ ಸೀರೆಗಳು ಆರು; ಉಳಿದದ್ದೆಲ್ಲ ಅಂಟಿನುಂಡೆ, ಕೊಬ್ಬರಿ, ಉತ್ತತ್ತಿ, ಚಟ್ನಿಪುಡಿ, ಕೂಸಿಗೆ ಹಳೇ ಸೀರೆಯ ಮೆತ್ತನೆ ಬಟ್ಟೆಗಳು, ನಾಲ್ಕು ಕಿಲೋ ಜೋಳದ ಹಿಟ್ಟು.

ದುರ್ಗದ ಹತ್ತಿರ ಬರುವಾಗ ಇನ್ನೂ ಕತ್ತಲು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಅವ್ವ ಅವತ್ತು ಮೊದಲು ಆಡಿದ ಮಾತು, "ಗಾಳಿ ಜೋರೈತೆ ಅಲ್ಲೆ? ಇಮಾನಕ್ಕೆ ಏನೂ ಆಗಲ್ಲ?" ನಾನು ಅವಳಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಗಾಳಿಯೇ ಆ ದಾರಿಯ ಉದ್ದವನ್ನು ತೀರ್ಮಾನಿಸುವುದು. ನೆಲದಿಂದ ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅವುಗಳ ರಭಸ ಇನ್ನೂ ಹೆಚ್ಚು, ಕೆಲವೊಮ್ಮೆ ತಾಸಿಗೆ 300 ಕಿಲೋಮೀಟರ್ ಮೀರುತ್ತದೆ. ವಿಮಾನದ ವೇಗ ತಾಸಿಗೆ ಸುಮಾರು 900 ಅಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕಲ್ಲ. ಹೊಳೆಯ ಜೊತೆ ಹೋದರೆ ಗಾಳಿಯ ವೇಗ ಕೂಡುತ್ತದೆ, ಎದುರು ಬಂದರೆ ಕಳೆಯುತ್ತದೆ. ಅದಕ್ಕೇ ಪೈಲಟ್‌ಗಳು ಹೊರಡುವ ಮುಂಚೆ ಅವತ್ತಿನ ಗಾಳಿ ನೋಡಿ ಅವತ್ತಿನ ದಾರಿ ಆರಿಸುತ್ತಾರೆ. ನಿನ್ನೆಯ ದಾರಿ ಇವತ್ತಿನದಲ್ಲ. ಗಾಳಿ ಬೆನ್ನಿಗಿದ್ದರೆ ನಕಾಶೆಯಲ್ಲಿ ಉದ್ದವಾದ ದಾರಿಯೇ ಬೇಗ ಮುಟ್ಟಿಸುತ್ತದೆ. ಅವ್ವ ಅಮೆರಿಕಕ್ಕೆ ಹೋಗುವಾಗ ಪೂರ್ವದ ಕಡೆಯಿಂದ ಹೋದರೆ ಗಾಳಿ ಬೆನ್ನಿಗೆ. ಬರುವಾಗ ಅದೇ ಗಾಳಿಯನ್ನು ತಪ್ಪಿಸಿಕೊಂಡು ಬರಬೇಕು, ಒಂದು ತಾಸಾದರೂ ಹೆಚ್ಚು ಹಿಡಿಯುತ್ತದೆ. "ಆಷಾಢದಾಗೆ ಜಗಳೂರು ಕಡೆ ಸೈಕಲ್ ತುಳಿದಂಗೆ" ಅಂದಳು. ಹೌದು, ಹಾಗೇ.

ದಿನ ಬೆಳಗಾದಾಗ ಹಿರಿಯೂರು ದಾಟಿದ್ದೆವು. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ ಮೊದಲ ಬುತ್ತಿ ಬಿಚ್ಚಿದಳು. ಮೊಸರನ್ನ, ಉಪ್ಪಿನಕಾಯಿ. ಮೊಸರು ವಿಮಾನದೊಳಗೆ ಬಿಡುವುದಿಲ್ಲ, ನೀರಾಗಿರುವುದು ನೂರು ಮಿಲಿಲೀಟರಿಗಿಂತ ಹೆಚ್ಚು ಕೈಚೀಲದಲ್ಲಿ ಇರುವಂತಿಲ್ಲ ಅಂತ ಮೊದಲೇ ಹೇಳಿದ್ದೆ. ಅವಳ ಅಜ್ಜಿಯ ಲೆಕ್ಕಕ್ಕೂ ವಿಮಾನ ನಿಲ್ದಾಣದ ನಿಯಮಕ್ಕೂ ತಾನೇ ತಾನಾಗಿ ಹೊಂದಿಕೆಯಾಯಿತು: ಮೊಸರನ್ನ ಮೊದಲ ಹೊತ್ತಿನದು. (ಅಲ್ಲಿಂದ ಉತ್ತರಕ್ಕೆ, ಚಳ್ಳಕೆರೆ ಕಡೆಯ ಬಯಲಿನಲ್ಲಿ, ಅದೇ ತಿಂಗಳು 2ನೇ ತಾರೀಖು ಇಸ್ರೋ ತನ್ನ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತ್ತು, ಅದು ಯಾರ ಸಹಾಯವೂ ಇಲ್ಲದೆ ತಾನೇ ದಾರಿ ನೋಡಿಕೊಂಡು ಬಂದು ಓಡುದಾರಿಯಲ್ಲಿ ಇಳಿದಿತ್ತು. ಅದನ್ನು ಹೇಳಿದಾಗ ಅವ್ವ, "ನಮ್ಮ ಜ್ವಾಳದ ಹೊಲದ ಮಗ್ಗಲಾಗೇ?" ಅಂತ ಎರಡು ಸಲ ಕೇಳಿದಳು. ನನಗೂ ಅದು ಇನ್ನೂ ಬೆರಗು.)

ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಅವಳಿಗೆ ಗಾಲಿಕುರ್ಚಿ ಬರೆಸಿದ್ದೆವು. ಅವಳ ಕಾಲು ಗಟ್ಟಿ ಇವೆ, ಈಗಲೂ ಕೊಟ್ಟೂರಿಗೆ ನಡೆಯಬಲ್ಲಳು. ಬರೆಸಿದ್ದು ಭಾಷೆಯ ಸಲುವಾಗಿ. ಇಂಗ್ಲಿಷ್ ಬಾರದ ತಾಯಂದಿರನ್ನು ಒಂಟಿಯಾಗಿ ಕಳಿಸುವ ಮನೆಗಳೆಲ್ಲ ಇದನ್ನೇ ಮಾಡುತ್ತವೆ, ಆ ಕುರ್ಚಿ ತಳ್ಳುವವರು ಕೊನೆಯ ಬಾಗಿಲವರೆಗೂ ಕೈಬಿಡುವುದಿಲ್ಲ. ಅವ್ವ ಕುರ್ಚಿಯಲ್ಲಿ ಕೂರಲು ಒಪ್ಪಲೇ ಇಲ್ಲ. "ಕಾಲಿದ್ದೋರು ಕೂತರೆ ಕಾಲಿಲ್ಲದೋರಿಗೆ ಎಲ್ಲಿ ಸಿಗ್ತೈತೆ?" ಅಂದಳು. ಕಡೆಗೆ ಬುತ್ತಿ ಚೀಲವನ್ನು ಕುರ್ಚಿಯಲ್ಲಿಟ್ಟು, ತಾನು ಅದರ ಪಕ್ಕ ನಡೆಯುತ್ತಾ ಒಳಗೆ ಹೋದಳು. ಗಾಜಿನ ಆಚೆ ಅವಳ ಹಸಿರು ಸೀರೆ ಕಾಣುವವರೆಗೂ ನಿಂತಿದ್ದೆ. ಆಮೇಲೂ ನಿಂತಿದ್ದೆ.

ಹದಿನಾರು ಅನ್ನುವ ಸಂಖ್ಯೆ

ವಿಮಾನ ಹದಿನಾರು ತಾಸಿನಲ್ಲೇ ಮುಟ್ಟಿತು. ಆದರೂ ನನ್ನ ಮನಸ್ಸಿನಲ್ಲಿ ಆ ಹದಿನಾರು ಚುಚ್ಚುತ್ತಲೇ ಇದೆ. ಅವ್ವ ನಮ್ಮ ಹೊಸ್ತಿಲು ದಾಟಿದ್ದು ಇಲ್ಲಿನ ನಸುಕಿನ ನಾಲ್ಕಕ್ಕೆ. ತಂಗಿಯ ಹೊಸ್ತಿಲು ದಾಟಿದ್ದು ನಮ್ಮ ಗಡಿಯಾರದಲ್ಲಿ ಮಾರನೆ ದಿನ ಬೆಳಗಿನ ಒಂಬತ್ತೂವರೆಗೆ. ಇಪ್ಪತ್ತೊಂಬತ್ತೂವರೆ ತಾಸು. ಹಾರಿದ್ದು ಅರ್ಧಕ್ಕಿಂತ ತುಸು ಹೆಚ್ಚು ಹೊತ್ತು. ಉಳಿದದ್ದು ರಸ್ತೆ, ಸಾಲು, ತಪಾಸಣೆ, ಕಾಯುವಿಕೆ, ಮತ್ತೆ ಸಾಲು, ಮತ್ತೆ ರಸ್ತೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೂ ಯಾರು ಕೇಳಿದರೂ ನಾವು ಹೇಳುವುದು ಹಾರುವ ತಾಸುಗಳನ್ನು ಮಾತ್ರ. ಯಾಕೆ ಅಂತ ಯೋಚಿಸಿದ್ದೇನೆ. ಅದು ದೂರ ಹೇಳುವ ಸಂಖ್ಯೆ ಅಲ್ಲ. ದೂರ ಇಲ್ಲ ಎಂದು ನಂಬಿಸಲು, ಮೊದಲು ನಮ್ಮನ್ನು ನಾವೇ ನಂಬಿಸಿಕೊಳ್ಳಲು, ಹೇಳುವ ಸಂಖ್ಯೆ.

ತಂಗಿ ಮೊದಲ ಸಲ ಹೊರಟಾಗ ನೇರ ವಿಮಾನ ಇರಲಿಲ್ಲ. "ಇಪ್ಪತ್ತೆರಡು ತಾಸು ಅಷ್ಟೇ ಅವ್ವ, ಒಂದು ದಿನ. ಕರೆದರೆ ಬಂದುಬಿಡ್ತೀನಿ" ಅಂದಿದ್ದಳು. 2018ರಲ್ಲಿ ಅಪ್ಪ ಹೋದಾಗ ಕರೆದೆವು. ಟಿಕೆಟ್ ಸಿಕ್ಕಿದ್ದು ಮಾರನೆ ದಿನಕ್ಕೆ, ನಡುವಿನ ಊರಿನಲ್ಲಿ ವಿಮಾನ ಬದಲಿಸಲು ಒಂಬತ್ತು ತಾಸು ಕಾಯಬೇಕಾಯಿತು. ಅವಳು ಮನೆ ಮುಟ್ಟಿದ್ದು ಮೂರನೇ ದಿನ ಸಂಜೆ. ಮಣ್ಣಿಗೆ ಸಿಗಲಿಲ್ಲ. ಬಂದವಳು ಅಪ್ಪನ ಕುರ್ಚಿಯ ಕಾಲು ಹಿಡಿದು ಕೂತಳು. ಅವ್ವ ಅವಳನ್ನು ಒಂದು ಮಾತೂ ಅನ್ನಲಿಲ್ಲ, ಆದರೆ ಅವತ್ತಿನಿಂದ ತಾಸಿನ ಲೆಕ್ಕವನ್ನು ನಂಬುವುದು ಬಿಟ್ಟಳು. ನಾನು "ಬರೀ ಹದಿನಾರು ತಾಸು" ಅಂದಾಗ ಅವಳು ಹಿಟ್ಟಿನ ಕೈ ಎತ್ತಿದ್ದು ಅದಕ್ಕೇ. ನನಗೆ ಅದು ತಿಳಿಯಲು ಅವಳು ಹೋಗಿ ಬರಬೇಕಾಯಿತು.

ನೇರ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಆ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಮಹಿಳೆಯರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಜನವರಿ 9ರ ಶನಿವಾರ ರಾತ್ರಿ ಹೊರಟು 11ರ ಸೋಮವಾರ ನಸುಕಿನಲ್ಲಿ ಇಳಿಯಿತು. ಆ ಸುದ್ದಿ ನೋಡಿ ಅವ್ವ ಕೇಳಿದ್ದು, "ನಡುವಿನ ಭಾನುವಾರ ಎಲ್ಲಿ ಹೋಯ್ತು?" ಹೋಗುವಾಗ ಇದರ ತಿರುವುಮುರುವು. ಇಲ್ಲಿ ಮಧ್ಯಾಹ್ನ ಹತ್ತಿದವರು ಹದಿನಾರು ತಾಸು ಹಾರಿ, ಅಲ್ಲಿ ಅದೇ ದಿನದ ಸಂಜೆಗೆ ಇಳಿಯುತ್ತಿದ್ದರು. ಗಡಿಯಾರದ ಪ್ರಕಾರ ಬರೀ ಮೂರೂವರೆ ತಾಸು ಆಗಿರುತ್ತಿತ್ತು, ಹೊಟ್ಟೆಯ ಪ್ರಕಾರ ಎರಡು ಊಟ ಕಳೆದಿರುತ್ತಿತ್ತು. ಅವ್ವ ಹೊಟ್ಟೆಯನ್ನು ನಂಬಿದಳು. ಚಪಾತಿ ದೇವನಹಳ್ಳಿಯಲ್ಲಿ ಮುಗಿಯಿತು, ರೊಟ್ಟಿ ವಿಮಾನದಲ್ಲಿ. ಮೂರು ಬುತ್ತಿ. ಹೆಚ್ಚಿಗೆ ಕಟ್ಟಿದ್ದು ತಂಗಿಯ ಮನೆ ಮುಟ್ಟಿದಾಗ ಹಾಗೇ ಇತ್ತು.

ಅವಳು ಅಲ್ಲಿದ್ದಾಗ ನಾನು ವಿಮಾನಗಳು ಇಂಧನದ ಲೆಕ್ಕ ಹೇಗೆ ಹಾಕುತ್ತವೆ ಅಂತ ಓದಿದೆ. ಓದುತ್ತಾ ಓದುತ್ತಾ ಕಣ್ಣ ಮುಂದೆ ಬಂದದ್ದು ಅವ್ವನ ಅಜ್ಜಿ. ದಾರಿಗೆ ಬೇಕಾದಷ್ಟು ತುಂಬಿಕೊಂಡರೆ ಸಾಲದು. ಗಾಳಿ ಲೆಕ್ಕ ತಪ್ಪಿದರೆ ಅಂತ ಒಂದು ಪಾಲು. ಮುಟ್ಟಬೇಕಾದ ಊರಲ್ಲಿ ಮಂಜು ಕವಿದು ಇಳಿಯಲಾಗದಿದ್ದರೆ ಇನ್ನೊಂದು ಊರಿಗೆ ಹೋಗಲು ಒಂದು ಪಾಲು. ಅದರ ಮೇಲೂ, ಇನ್ನೊಂದು 30 ನಿಮಿಷ ಆಕಾಶದಲ್ಲಿ ಸುತ್ತುವಷ್ಟು, ಮುಟ್ಟಬಾರದ ಕೊನೆಯ ಪಾಲು. ಅಷ್ಟು ದೂರ ಹಾರುವ ಬೋಯಿಂಗ್ 777ರ ಹೊಟ್ಟೆಯಲ್ಲಿ ಒಂದೂ ಮುಕ್ಕಾಲು ಲಕ್ಷ ಲೀಟರಿಗೂ ಹೆಚ್ಚು ಇಂಧನ ಹಿಡಿಸುತ್ತದೆ. ಹೊರಡುವಾಗ ಆ ಭಾರಕ್ಕೆ ಅದು ಹೆಚ್ಚು ಎತ್ತರ ಏರಲಾರದು. ಬುತ್ತಿ ಕರಗಿದಂತೆ ಹಗುರಾಗಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ವಿಮಾನ ನಡೆಸುವವರಿಗೂ ದೂರ ಅಂದರೆ ಹೊತ್ತುಕೊಂಡು ಹೋಗಬೇಕಾದದ್ದು ಎಷ್ಟು ಅನ್ನುವುದೇ. ಹದಿನಾರು ತಾಸು ಅನ್ನುವುದು ಟಿಕೆಟ್ಟಿನ ಮೇಲೆ ನಮ್ಮ ಸಮಾಧಾನಕ್ಕೆ ಬರೆದದ್ದು.

ಬರುವ ದಾರಿ

ಆರು ತಿಂಗಳು ಆಗುವುದರೊಳಗೆ ಅವ್ವ ಹೊರಟಳು. ಕೂಸು ಬೋರಲು ಬಿದ್ದು ತೆವಳುತ್ತಿತ್ತು. ವಿಮಾನ ನಸುಕಿನಲ್ಲಿ ಇಳಿಯಿತು, ನಾನು ರಾತ್ರಿಯೇ ಹೋಗಿ ಕಾದಿದ್ದೆ. ಹಸಿರು ಸೀರೆ ದೂರದಿಂದಲೇ ಕಂಡಿತು. ಈ ಸಲವೂ ಕುರ್ಚಿಯಲ್ಲಿ ಚೀಲ, ಪಕ್ಕದಲ್ಲಿ ಅವಳು. ಕಾರಿನಲ್ಲಿ ಕೂತವಳು ಒಂದೇ ಸಮ ಮಾತಾಡಿದಳು. ಕೂಸಿನ ಎಣ್ಣೆಸ್ನಾನ, ಅಲ್ಲಿನ ಚಳಿ, ಬೆಳಿಗ್ಗೆ ನಾವು ತಿಂಡಿ ತಿನ್ನುವಾಗ ಅವರು ರಾತ್ರಿಯ ಊಟಕ್ಕೆ ಕೂರುವುದು, ಇನ್ನೇನು ಅಲ್ಲಿಯವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವವರಿದ್ದದ್ದು. ದಾಬಸ್‌ಪೇಟೆ ದಾಟುವಾಗ ನಿದ್ದೆ ಹೋದಳು. ಸಿರಾ ದಾಟಿದ ಮೇಲೆ ಎದ್ದು, "ಹಿರಿಯೂರು ಬಂತಾ?" ಅಂದಳು.

ಬಂದಿತ್ತು. ಅದೇ ಹುಣಸೆ ಮರ ಅಂತ ಹೇಳಲಾರೆ, ಅಂಥದ್ದೇ ಒಂದರ ಕೆಳಗೆ ನಿಲ್ಲಿಸಿದೆ. ಅವ್ವ ಚೀಲದಿಂದ ಒಂದು ಗಂಟು ತೆಗೆದಳು. ಬಿಳಿ ಬಟ್ಟೆ, ನಾಲ್ಕು ತುದಿಯೂ ಕೂಡಿಸಿ ಕಟ್ಟಿದ್ದು. ತಂಗಿ ಕಟ್ಟಿಕೊಟ್ಟದ್ದು. ರೊಟ್ಟಿ ಬಡಿಯಲು ಒಮ್ಮೆಯೂ ಕೂತವಳಲ್ಲ ಅವಳು; ಅವ್ವ ಅಲ್ಲಿದ್ದ ತಿಂಗಳುಗಳಲ್ಲಿ ಕಲಿತಿದ್ದಳಂತೆ. ಎಷ್ಟು ಬೇಕು ಅಂತ ಅವಳು ಕೇಳಲಿಲ್ಲ, ಮೂರು ಹೊತ್ತಿನದು, ಮೇಲೊಂದು ಹೊತ್ತಿನದು, ತಾನೇ ಎಣಿಸಿ ಇಟ್ಟಳು ಅಂದಳು ಅವ್ವ. ಗಂಟಿನಲ್ಲಿ ಎರಡು ರೊಟ್ಟಿ ಉಳಿದಿದ್ದವು, ಅಂಚು ಸೀಳಿದ್ದವು, ದಪ್ಪ ಒಂದೇ ಸಮ ಇರಲಿಲ್ಲ. ನಮ್ಮ ದಾವಣಗೆರೆಯ ಜೋಳದ ಹಿಟ್ಟು, ಹೋಗಿ ಬಂದು ಇಪ್ಪತ್ತೆಂಟು ಸಾವಿರ ಕಿಲೋಮೀಟರ್ ಕ್ರಮಿಸಿದ್ದು. ಅವ್ವ ಒಂದನ್ನು ಮುರಿದು ಚಟ್ನಿಪುಡಿ ಹಾಕಿ ನನ್ನ ಕೈಗಿಟ್ಟಳು. ಇನ್ನೊಂದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ಇದು ಇರಲಿ. ಮನೆ ಇನ್ನಾ ಬಂದಿಲ್ಲ."